ಪರವಾಗಿಲ್ಲ ಎಂದ ಮನೆ

ಟೂರಿ ಹದಿನಾರು ವರ್ಷ ಮೀನಿನ ಕಾರ್ಖಾನೆಯಲ್ಲಿ ಕಾಡ್ ಎಂಬ ಕಡಲ ಮೀನಿನ ಮುಳ್ಳು ಬಿಡಿಸಿದವಳು. ಅವಳ ಕೈಯಿಂದ ಬಂದ ತುಂಡಿನಲ್ಲಿ ಒಂದು ಮುಳ್ಳೂ ಇರುವುದಿಲ್ಲವೆಂದು ಮೇಸ್ತ್ರಿ ಹೊಸಬರಿಗೆ ತೋರಿಸಿ ಹೇಳುತ್ತಿದ್ದ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅವಳದು ಕೊನೆಯ ಬೆಂಚು. ಹೇಗಿದ್ದೀಯೆಂದು ಯಾರು ಕೇಳಿದರೂ "ಪರವಾಗಿಲ್ಲ" ಎನ್ನುವಳು. ನಾರ್ವೆಯ ಉತ್ತರದ ಆ ದ್ವೀಪದಲ್ಲಿ ಎಲ್ಲರೂ ಹಾಗೆಯೇ. ಅವಳ ಮಾವ ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿ ಕಾಲು ಮುರಿದುಕೊಂಡ ದಿನ, ಎತ್ತಲು ಬಂದವರಿಗೆ ಹೇಳಿದ್ದೂ ಅದನ್ನೇ.

ಮಗಳು ಮಾರೆನ್‌ಗೆ ಮೂರೂವರೆ ವರ್ಷವಾಗಿದ್ದಾಗ ಪಟ್ಟಣದ ಆಸ್ಪತ್ರೆಯಲ್ಲಿ ಆಟಿಸಂ ಎಂದರು. ಮಗುವಿಗೆ ಮಾತಿರಲಿಲ್ಲ. ಬೇಕಾದುದನ್ನು ತಿಳಿಸಲಾಗದೆ ಕೂಗುವಳು. ಕೂಗಿದರೂ ಯಾರಿಗೂ ತಿಳಿಯದಿದ್ದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವಳು.

"ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು," ಎಂದರು ವೈದ್ಯೆ. "ವಿಶೇಷ ಶಿಕ್ಷಕಿ ಬೇಕು ಅಂತ ಪುರಸಭೆಗೆ ಅರ್ಜಿ ಹಾಕಿ. ಅಲ್ಲಿಂದ ಒಬ್ಬರು ಮನೆಗೆ ಬಂದು ನೋಡ್ತಾರೆ. ವಾರಕ್ಕೆ ಎಷ್ಟು ಗಂಟೆ ಕೊಡ್ಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ."

ಅಷ್ಟು ಮಾತಿನಲ್ಲಿ ಟೂರಿಯ ತಲೆಯಲ್ಲಿ ಉಳಿದದ್ದು ಒಂದೇ. ಮನೆಗೆ ಬಂದು ನೋಡುತ್ತಾರೆ.

ಅರ್ಜಿ ಹಾಕಿ, ಅವರು ಬರುವ ಮುಂಚೆ ಎರಡು ದಿನ ಮನೆ ತೊಳೆದಳು. ಪಕ್ಕದ ಮನೆಯಿಂದ ಅತ್ತೆ ಬೋರ್ಗಿಲ್ಡ್ ಬಂದು ಮೂಲೆ ಮೂಲೆ ನೋಡಿದಳು.

"ಪರದೆ ಒಗೆದ್ಯಾ?"

"ಒಗೆದೆ ಅತ್ತೆ."

"ಕಿಟಕಿ ಕಟ್ಟೆ ಮರಾನ ಮಗು ಕಚ್ಚಿ ಕಚ್ಚಿ ಇಟ್ಟಿದೆಯಲ್ಲ, ಅದಕ್ಕೇನು ಮಾಡ್ದೆ?"

"ಹೂಕುಂಡ ಅಡ್ಡ ಇಟ್ಟಿದ್ದೀನಿ."

"ಜಾಣೆ. ಕಚೇರಿಯವರು ನಮ್ಮನೆ ನೋಡಿ ಮೂಗು ಮುರಿಯೋ ಹಾಗಾಗ್ಬಾರ್ದು."

ಕಚೇರಿಯವರು ಬರುವ ದಿನ ಬೆಳಿಗ್ಗೆ ಟೂರಿ ಮಗಳನ್ನು ಕಡಲ ದಂಡೆಗೆ ಕರೆದೊಯ್ದು, ಗಾಳಿಯಲ್ಲಿ ಮೂರು ಗಂಟೆ ನಡೆಸಿದಳು. ದಣಿದರೆ ಕೂಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು, ಕೈಯ ಗಾಯ ಕಾಣದಂತೆ ಉದ್ದ ತೋಳಿನ ಅಂಗಿ ತೊಡಿಸಿದಳು.

ಬಂದ ಅಧಿಕಾರಿ ಹಿಲ್ಡೆಗುನ್ ಮೆದು ಮಾತಿನ ಹೆಂಗಸು. ಮೇಜಿನ ಮೇಲೆ ಬಿಸಿ ವಾಫಲ್, ಕಂದು ಚೀಸು, ಕಾಫಿ.

"ನಿದ್ದೆ ಹೇಗೆ ಮಾಡ್ತಾಳೆ?"

"ಪರವಾಗಿಲ್ಲ," ಎಂದಳು ಟೂರಿ.

"ನಿಮಗೆ? ಕಷ್ಟ ಆಗ್ತಿದೆಯಾ?"

ಗಂಡ ಆರ್ವಿಡ್ ಬಟ್ಟಲು ನೋಡುತ್ತಾ, "ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ," ಎಂದ.

"ನೋಡಿ, ಇವನೂ ನಾಲ್ಕು ವರ್ಷದವರೆಗೆ ಮಾತಾಡ್ಲಿಲ್ಲ," ಎಂದಳು ಬೋರ್ಗಿಲ್ಡ್. "ಈಗಲೂ ಏನು ಮಹಾ ಮಾತಾಡ್ತಾನೆ ಅಂತೀರಾ?"

ಎಲ್ಲರೂ ನಕ್ಕರು. ಮಾರೆನ್ ಗೋಡೆಗೆ ಒರಗಿ, ಸೋತ ಕಣ್ಣಿನಲ್ಲಿ ಒಂದು ಚಮಚವನ್ನು ತಿರುಗಿಸುತ್ತಿದ್ದಳು. ಹಿಲ್ಡೆಗುನ್ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚದೆ ಸ್ವಲ್ಪ ಹೊತ್ತು ಕಾದಳು.

"ಇನ್ನೇನಾದ್ರೂ ಹೇಳ್ಬೇಕು ಅನ್ಸುತ್ತಾ, ಟೂರಿ?"

"ಇನ್ನೊಂದು ವಾಫಲ್ ತಗೊಳ್ಳಿ," ಎಂದಳು ಟೂರಿ.

ಆರು ವಾರಕ್ಕೆ ಪತ್ರ ಬಂತು. ಮನೆ ಶಾಂತವಾಗಿದೆ, ತಂದೆತಾಯಿ ಚೆನ್ನಾಗಿ ನಿಭಾಯಿಸುತ್ತಿದ್ದಾರೆ, ಸದ್ಯಕ್ಕೆ ವಿಶೇಷ ಶಿಕ್ಷಕಿ ಬೇಕಿಲ್ಲ, ಶಿಶುವಿಹಾರದವರಿಗೆ ಸಲಹೆ ಕೊಟ್ಟರೆ ಸಾಕು, ಒಂದು ವರ್ಷದ ನಂತರ ಮತ್ತೆ ನೋಡೋಣ ಎಂದಿತ್ತು. ಆರ್ವಿಡ್ ಎರಡು ಸಲ ಓದಿ, "ಒಳ್ಳೇ ಮಾತೇ ಬರೆದಿದ್ದಾರಲ್ಲ," ಎಂದ. ಟೂರಿಗೂ ಒಂದು ಕ್ಷಣ ಹೆಮ್ಮೆಯಾಯಿತು. ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಹೆಮ್ಮೆಯೇ.

ಮೂರು ವಾರದೊಳಗೆ ಮೇಲ್ಮನವಿ ಹಾಕಬಹುದಿತ್ತು. ಇಲ್ಲವೆಂದವರನ್ನು ಮತ್ತೆ ಕೇಳುವುದು ಹೇಗೆಂದು ಸುಮ್ಮನಾದರು. ಆ ವರ್ಷ ಕೂಗು ಹೆಚ್ಚಿತು, ಮುಂಗೈಯ ಚರ್ಮ ದಡ್ಡುಗಟ್ಟಿತು. ಟೂರಿ ದಿನವೂ ಹಾಸಿಗೆಯ ಪಕ್ಕ ಮೊಣಕಾಲೂರಿ ಒಂದನ್ನೂ ಬಿಡದೆ ದೇವರಿಗೆ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಿದ್ದ ಒಂದು ದಿನ ಅವಳ ಮಾತು ಅರ್ಧಕ್ಕೇ ನಿಂತಿತು. ಇದನ್ನೆಲ್ಲ ಕೇಳಿಸಿಕೊಳ್ಳಲೆಂದೇ ಒಬ್ಬ ಹೆಂಗಸು ಬಂದಿದ್ದಳು, ಪುಸ್ತಕ ತೆರೆದಿಟ್ಟು ಕಾದಿದ್ದಳು. ಅವಳಿಗೆ ತಾನು ಹೂಕುಂಡ ತೋರಿಸಿ ಕಳಿಸಿದ್ದಳು.

ವರ್ಷ ಕಳೆದು ಹಿಲ್ಡೆಗುನ್ ಮತ್ತೆ ಬರುವ ದಿನ ಟೂರಿ ಮನೆ ಗುಡಿಸಲಿಲ್ಲ. ಮಗಳನ್ನು ನಡೆಸಿ ದಣಿಸಲಿಲ್ಲ. ಬೋರ್ಗಿಲ್ಡ್ ಬಾಗಿಲಲ್ಲೇ ನಿಂತು, "ಕಿಟಕಿ ಮೇಲಿನ ಕುಂಡ ಎಲ್ಲಿ? ಏನು ಅವತಾರ ಇದು? ಈಗ ಬಂದುಬಿಡ್ತಾರೆ," ಎಂದಳು.

"ಬರಲಿ ಅತ್ತೆ. ನೋಡಲಿ."

ಹಿಲ್ಡೆಗುನ್ ಕೂತ ಮೇಲೆ ಟೂರಿ ಮಗಳ ತೋಳು ಮೇಲೆ ಸರಿಸಿ ಗಾಯ ತೋರಿಸಿದಳು. ನಿದ್ದೆಯಿಲ್ಲದ್ದು, ಕಾರ್ಖಾನೆಯಲ್ಲಿ ತೂಕಡಿಸಿ ಬೆರಳು ಕೊಯ್ದುಕೊಂಡದ್ದು, ಸಿಟ್ಟಿನಲ್ಲಿ ಒಮ್ಮೆ ಮಗುವನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡದ್ದು, ಒಂದೊಂದಾಗಿ ಹೇಳಿದಳು. ಆರ್ವಿಡ್ ತಲೆ ಎತ್ತಲಿಲ್ಲ. ಬೋರ್ಗಿಲ್ಡ್ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ಅವಳು ಅಡ್ಡಬಾಯಿ ಹಾಕುತ್ತಾಳೆಂದು ಟೂರಿ ಕಾದಳು.

"ಮಗು ಕೂಗೋದು ನಮ್ಮನೆವರೆಗೂ ಕೇಳುತ್ತೆ," ಎಂದಳು ಬೋರ್ಗಿಲ್ಡ್. "ಕಿಟಕಿ ಮುಚ್ಕೊಂಡು ಕೂತಿರ್ತೀನಿ ನಾನು. ಅದನ್ನೂ ಬರ್ಕೊಳ್ಳಿ."

ಹಿಲ್ಡೆಗುನ್ ಬರೆದುಕೊಂಡು, "ಕಳೆದ ಸಲ ಇಷ್ಟಿರಲಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇತ್ತು," ಎಂದಳು ಟೂರಿ. "ನಾನೇ ಹೇಳಲಿಲ್ಲ."

ವಾರಕ್ಕೆ ಹನ್ನೆರಡು ಗಂಟೆ ಮಂಜೂರಾಯಿತು. ಶಿಕ್ಷಕಿ ರಾಗ್ನ್‌ಫ್ರಿಡ್ ಎದುರಿನ ದ್ವೀಪದಿಂದ ಫೆರಿ ದೋಣಿಯಲ್ಲಿ ಬರುವಳು. ಅವಳ ಚೀಲದ ತುಂಬ ಅಂಗೈಯಗಲದ ಚಿತ್ರದ ಚೀಟಿಗಳು. ಬೇಕಾದುದರ ಚಿತ್ರವನ್ನು ಎತ್ತಿ ಎದುರಿನವರ ಕೈಗಿಟ್ಟರೆ ಅದು ಸಿಗುತ್ತದೆ. ಮಗು ಕಲಿಯಬೇಕಾದದ್ದು ಅಷ್ಟೇ. ಮೂರನೆಯ ವಾರ ಮಾರೆನ್ ಚೀಟಿಗಳನ್ನು ಅಂಟಿಸಿದ್ದ ಹಲಗೆಯಿಂದ ಒಂದನ್ನು ಕಿತ್ತು, ಅಡುಗೆಮನೆಗೆ ಬಂದು, ತಾಯಿಯ ಒದ್ದೆ ಕೈಯಲ್ಲಿಟ್ಟಳು. ನೀರಿನ ಲೋಟದ ಚಿತ್ರ.

"ಎಷ್ಟು ಬೇಗ ಹಿಡ್ಕೊಂಡ್ಲು ನೋಡಿ," ಎಂದಳು ರಾಗ್ನ್‌ಫ್ರಿಡ್. "ಇದನ್ನೇ ಇನ್ನೂ ಚಿಕ್ಕವಳಿದ್ದಾಗ..." ಎಂದವಳು ನಿಲ್ಲಿಸಿದಳು.

"ಪೂರ್ತಿ ಹೇಳಿ."

"ಬಿಡಿ, ಈಗ ಬಂತಲ್ಲ."

"ವರ್ಷದ ಹಿಂದೆಯೇ ಬರ್ತಿತ್ತು," ಎಂದಳು ಟೂರಿ. "ಗೊತ್ತು ನನಗೆ."

ಅವಳು ಲೋಟ ತುಂಬಿಸಿ ಕೊಟ್ಟಳು. ಮಾರೆನ್ ಕುಡಿದು ಹೋಗಿ ಅದೇ ಚೀಟಿ ಮತ್ತೆ ತಂದಳು. ಟೂರಿ ಮತ್ತೆ ಕೊಟ್ಟಳು. ಮೂರನೆಯ ಸಲ ಮಗುವಿಗೆ ಬಾಯಾರಿಕೆ ಇರಲಿಲ್ಲ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಚೀಟಿ ತರಲು ಓಡಿದಳು. ಕೊಟ್ಟರೆ ನಿಜವಾಗಿಯೂ ಸಿಗುತ್ತದೆಯೇ ಎಂದು ನೋಡುತ್ತಿದ್ದಳು.

"ಸಾಕು ಅಂತ ಹೇಳಬಹುದು," ಎಂದಳು ರಾಗ್ನ್‌ಫ್ರಿಡ್.

ಟೂರಿ ನಲ್ಲಿ ತಿರುಗಿಸಿ ಇನ್ನೊಂದು ಲೋಟ ಹಿಡಿದಳು.