ತುಪ್ಪದ ಗಿಂಡಿ ಮತ್ತು ಭಾವನ ಸೈನ್ಯ

ಮನುಷ್ಯನ ಅತಿ ಭಯಂಕರ ಶತ್ರು ಅವನೊಳಗೇ ಇರುತ್ತಾನೆ ಎಂದು ಜ್ಞಾನಿಗಳು ತಪಸ್ಸು ಮಾಡಿ ಕಂಡುಕೊಂಡರು. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಅದನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಟೋಕನ್ ತೆಗೆದುಕೊಂಡು ತಿಳಿದುಕೊಂಡರು.

ನಮ್ಮ ಕಡೆಯ ಊಟದಲ್ಲಿ ಎಲೆಗೆ ಅನ್ನ ಬಿದ್ದರೂ ಅದರ ಮೇಲೆ ತುಪ್ಪ ಬೀಳುವವರೆಗೆ ಯಾರೂ ಕೈ ಹಾಕುವುದಿಲ್ಲ. ನಮ್ಮೂರು ಬೋವಿಕಾನದ ಆಸುಪಾಸಿನ ಯಾವ ಮನೆಯಲ್ಲಿ ಊಟವಿದ್ದರೂ ತುಪ್ಪದ ಗಿಂಡಿ ಭಾವನ ಕೈಯಲ್ಲಿ. ಬಗ್ಗಿ, ನಡಿಗೆ ನಿಲ್ಲಿಸದೆ, ನೂಲಿನಂಥ ಧಾರೆಯನ್ನು ಅನ್ನದ ನಡುವಿಗೆ ಬಿಟ್ಟು ಮುಂದಿನ ಎಲೆಗೆ ಹೋಗುತ್ತಿದ್ದರು. ಅಂಥವರು ಒಮ್ಮೆ ಕಮಟು ತುಪ್ಪವನ್ನು ಇಡೀ ಪಂಕ್ತಿಗೆ ಬಡಿಸಿದರು. ಮೂಗಿಗೆ ವಾಸನೆಯೇ ಬರುತ್ತಿರಲಿಲ್ಲವಂತೆ. ನಾವು ನಕ್ಕೆವು. ಕೆಲವು ವರ್ಷಗಳ ನಂತರ ಬಲಗೈ ನಡುಗತೊಡಗಿತು. ಆಗ ಯಾರೂ ನಗಲಿಲ್ಲ.

ಡಾಕ್ಟರು ಪಾರ್ಕಿನ್ಸನ್ ಎಂದರು. ಮೂಗಿಗೆ ವಾಸನೆ ಬಾರದೆ ಹೋದದ್ದೂ ಅದರ ಮುನ್ಸೂಚನೆಯೇ ಅಂತೆ.

"ನಾನು ಜ್ವರ ಬಂದು ಮಲಗಿದವನೇ ಅಲ್ಲ," ಎಂದು ಭಾವ ಆಕ್ಷೇಪ ಸಲ್ಲಿಸಿದರು. "ಕೊರೋನಾದಲ್ಲಿ ಮನೆಯವರೆಲ್ಲ ಮಲಗಿದ್ದಾಗ ಗಂಜಿ ಬೇಯಿಸಿದ್ದು ನಾನು."

"ಕಾರಣ ಪೂರ್ತಿ ಗೊತ್ತಿಲ್ಲ," ಎಂದರು ಡಾಕ್ಟರು. "ಮೆದುಳಿನ ಕೆಲವು ಜೀವಕೋಶಗಳಲ್ಲಿ ಒಂದು ಪ್ರೊಟೀನು ಗಂಟುಕಟ್ಟುತ್ತದೆ. ಅದನ್ನು ಹೊರಗಿನ ಶತ್ರು ಅಂತ ತಿಳಿದು ನಮ್ಮ ರೋಗನಿರೋಧಕ ಕಣಗಳೇ ಆ ಜೀವಕೋಶಗಳ ಮೇಲೆ ಬೀಳುತ್ತವೆಯೋ ಅಂತ ಸಂಶಯ ಉಂಟು. ಸಂಶೋಧನೆ ಇನ್ನೂ ನಡೀತಾ ಉಂಟು. ನೀವು ಮಾತ್ರೆ ತಪ್ಪಿಸಬೇಡಿ."

ವಾಪಸು ಬರುವ ರೈಲಿನಲ್ಲಿ ಉಪ್ಪಳ ಸ್ಟೇಶನ್ ದಾಟುವವರೆಗೆ ಭಾವ ಮಾತ್ರೆಯ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಆಮೇಲೆ, "ಭಾವ," ಎಂದರು. ನಾವು ಪರಸ್ಪರ ಹಾಗೆಯೇ ಕರೆಯುವುದು. "ಇದು ನಿಮ್ಮ ಅಕ್ಕನ ಅಮೃತಬಳ್ಳಿ ಕಷಾಯದ ಕೆಲಸ. ಕೊರೋನಾ ಕಾಲದಿಂದ ಕುಡಿಸಿ ಕುಡಿಸಿ ಸೈನ್ಯವನ್ನು ಕೊಬ್ಬಿಸಿದ್ದು. ಹೊರಗೆ ಯುದ್ಧ ಇಲ್ಲ, ಒಳಗೆ ಶುರು ಮಾಡಿದೆ."

"ಡಾಕ್ಟರು ಹಾಗೆ ಹೇಳಲಿಲ್ಲವಲ್ಲ."

"ಅವರು ಆ ಕಷಾಯ ಕುಡಿದವರಲ್ಲ ಮಾರಾಯ್ರೆ."

ಮಗಳ ಮದುವೆ ಹತ್ತಿರದಲ್ಲೇ ಇತ್ತು. ದಿಬ್ಬಣದವರ ಪಂಕ್ತಿಗೆ ತಾನೇ ತುಪ್ಪ ಬಡಿಸಬೇಕು. ಭಾವನಿಗೆ ಇದ್ದ ಆಸೆ ಅದೊಂದೇ. ಮಾತ್ರೆಯಿಂದ ನಡುಕ ಕಡಿಮೆಯಾಯಿತು. ಜಗಲಿಯಲ್ಲಿ ಬಾಳೆಲೆ ಹಾಸಿ, ಗಿಂಡಿಗೆ ನೀರು ತುಂಬಿ ಅಭ್ಯಾಸ ಮಾಡಿದರು. ಅಕ್ಕ ಹಿಂದಿನಿಂದ ಒರೆಸುತ್ತಾ, "ಬೀಗರು ಊಟಕ್ಕೆ ಬರುವುದಾ, ಈಜಲಿಕ್ಕೆ ಬರುವುದಾ?" ಎಂದಳು. ಆದರೂ ದಿನದಿಂದ ದಿನಕ್ಕೆ ಒರೆಸುವ ಕೆಲಸ ಕಡಿಮೆಯಾಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಭಾವ ಸೇನಾಪತಿಯ ಗಾಂಭೀರ್ಯದಿಂದ ಒಂದು ಯುದ್ಧನೀತಿ ರೂಪಿಸಿದ್ದರು. ಮೊದಲು ಕಷಾಯ ಬಂದ್. ಆಮೇಲೆ, ಒಳಗಿನ ಸೈನ್ಯಕ್ಕೆ ಹೊರಗೆ ಕೆಲಸ ಕೊಡುವುದು. ಮಳೆಯಲ್ಲಿ ತಲೆ ಒರೆಸದೆ ತಿರುಗಿದರು. ಕೆಮ್ಮುವ ನೆರೆಯವರ ಪಕ್ಕದಲ್ಲೇ ಹೋಗಿ ಕುಳಿತು ಸುಖದುಃಖ ವಿಚಾರಿಸಿದರು. ಕೇಳಿದರೆ, "ಸೈನ್ಯ ಗಡಿಗೆ ಹೋಗಲಿ," ಎಂದರು.

ಜ್ವರ ಬಂತು, ಕಫ ಎದೆಗಿಳಿಯಿತು. ಕೈ ಮೊದಲಿಗಿಂತ ಜೋರಾಗಿ ನಡುಗಿತು. ಹೊಸ್ತಿಲ ಹತ್ತಿರ ಕಾಲು ಅಂಟಿದಂತೆ ನಿಂತುಬಿಡುತ್ತಿತ್ತು.

"ಅರ್ಧ ಸೈನ್ಯ ಇಲ್ಲೇ ಉಳಿದಿದೆ ಭಾವ," ಎಂದರು, ಕಂಬಳಿಯೊಳಗಿಂದ. ನನಗೆ ನಗು ಬರಲಿಲ್ಲ.

ಅಕ್ಕ ನನ್ನನ್ನು ಬಾವಿಕಟ್ಟೆಗೆ ಕರೆದಳು. "ನಾನು ಕುಡಿಸಿದ್ದರಿಂದಲಾ?"

"ಅಲ್ಲ."

"ಡಾಕ್ಟರ ಹತ್ತಿರ ಕೇಳಿದ್ದೀಯಾ?"

ಕೇಳಿರಲಿಲ್ಲ. ಅವಳೆದುರೇ ಫೋನ್ ಮಾಡಿದೆ. ಕಷಾಯದಿಂದ ಈ ಕಾಯಿಲೆ ಬರುತ್ತದೆಂದು ಯಾರೂ ಹೇಳಿಲ್ಲ, ಆದರೆ ಸೋಂಕು ತಗಲಿದರೆ ರೋಗದ ಲಕ್ಷಣ ಜೋರಾಗುತ್ತದೆ, ಕೂಡಲೇ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಅಕ್ಕ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು. ಆಮೇಲೆ ಬಾವಿಯ ಪಕ್ಕದ ಮರಕ್ಕೆ ಹಬ್ಬಿಸಿದ್ದ ಅಮೃತಬಳ್ಳಿಯನ್ನು ಬುಡಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದಳು.

ಮದುವೆಯ ಹೊತ್ತಿಗೆ ಜ್ವರ ಇಳಿದಿತ್ತು, ನಡುಕ ಇಳಿದಿರಲಿಲ್ಲ. ಭಾವ ಪಂಕ್ತಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಬಲಗೈಯನ್ನು ಶಾಲಿನೊಳಗೆ ಇಟ್ಟು ಕುಳಿತರು. ಎಲೆಗಳಿಗೆ ಅನ್ನ ಬಿತ್ತು. ದಿಬ್ಬಣದವರು ಕೈ ಕಟ್ಟಿ ಕಾದರು.

"ಧಾರೆ ದಪ್ಪ ಆಯಿತು," ಎಂದರು ಭಾವ, ಮೊದಲ ಎಲೆಗೇ.

ಅಂದು ತುಪ್ಪ ಬಡಿಸಿದ್ದು ನಾನು.