ಕೊಂಬು ಮುರಿದ ಎತ್ತು

ಮೊನ್ನೆ ಭಾನುವಾರ ನಮ್ಮ ವುಡ್‌ಬ್ರಿಡ್ಜ್ ಮನೆಯಲ್ಲಿ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ದೊಡ್ಡವಳೇ, ನೀನು ಮ್ಯಾನ್‌ಹಟನ್ನಿನಿಂದ ತಂದ ಕಾನೂನಿನ ಪುಸ್ತಕ ತೆರೆದು ಕೂತಿದ್ದೆ.

"ಅಜ್ಜಿ, ಲಿಸನ್. ಇಂಗ್ಲೆಂಡಲ್ಲಿ ಹಿಂದೆ ರೈತ ಸತ್ರೆ ಲಾರ್ಡ್ ಬಂದು ಅವನ ಬೆಸ್ಟ್ ಆನಿಮಲ್ ತಗೊಂಡ್ ಹೋಗ್ತಿದ್ದ. ಆಮೇಲೇ ಮಗನಿಗೆ ಲ್ಯಾಂಡು. ಸೋ ಕ್ರೇಜಿ!"

"ದೆನ್ ಹೈಡ್ ದಿ ಬೆಸ್ಟ್ ಒನ್. ಸಿಂಪಲ್," ಎಂದ ನಿನ್ನ ತಮ್ಮ. ಇಬ್ಬರೂ ನಕ್ಕಿರಿ. ನಾನು ಸೊಪ್ಪು ತೊಳೆಯುವ ನೆವದಲ್ಲಿ ಎದ್ದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ, ನಿಮ್ಮಪ್ಪ ಓದಿ ಹೇಳಲಿ.

ನಮ್ಮೂರಿನ ಹೊಲವೆಲ್ಲ ಒಬ್ಬ ಜೋಡಿದಾರರದು, ಅಂದರೆ ಊರಿನ ಒಡೆಯರದು. ನಾವು ಉಳುವವರು. ಬೆಳೆಯಲ್ಲಿ ಅರ್ಧ ಅವರಿಗೆ. ಮಳೆ ಬಿದ್ದರೆ ಮೊದಲು ಅವರು ತಮಗೇ ಇಟ್ಟುಕೊಂಡ ಹೊಲವನ್ನು ಬಿಟ್ಟಿಯಾಗಿ ಉತ್ತು ಬರಬೇಕು. ಉಳುವವನು ಸತ್ತರೆ ಅವನ ಕೊಟ್ಟಿಗೆಯ ಉತ್ತಮ ದನ ಅವರ ಕೊಟ್ಟಿಗೆಗೆ. ಎಲ್ಲಿಯೂ ಬರೆದಿರಲಿಲ್ಲ, ಪದ್ಧತಿ ಎನ್ನುತ್ತಿದ್ದರು.

ನಮ್ಮಪ್ಪ ಹಾವು ಕಚ್ಚಿ ಸತ್ತಾಗ ನನಗೆ ಹತ್ತು ವರ್ಷ. ಕೊಟ್ಟಿಗೆಯಲ್ಲಿ ಒಂದು ಮುದಿ ಎತ್ತು, ಒಂದು ಹರೆಯದ ಬಿಳಿ ಎತ್ತು, ಒಂದು ಎಮ್ಮೆ ಇದ್ದವು. ಬಿಳಿ ಎತ್ತು ಹೋದರೆ ಉಳುಮೆ ನಿಲ್ಲುತ್ತದೆ, ಉಳುಮೆ ನಿಂತರೆ ಹೊಲ ಬೇರೆಯವರಿಗೆ.

ತಿಥಿಯ ಮರುದಿನ ಬೆಳಿಗ್ಗೆ ಅವ್ವ ಒನಕೆ ಹಿಡಿದು ಕೊಟ್ಟಿಗೆಗೆ ಬಂದಳು.

"ಹಗ್ಗ ಗಟ್ಟಿಯಾಗಿ ಹಿಡ್ಕೊ. ಅದು ನಿನ್ನ ಕೈಗೇ ಬಗ್ಗೋದು."

"ಏನ್ ಮಾಡ್ತೀಯವ್ವ?"

"ಊನ ಆದ್ರೆ ಅವರು ಮುಟ್ಟಲ್ಲ. ಹಿಡ್ಕೊ ಅಂದ್ನಲ್ಲ."

ಮೊದಲ ಏಟು ಜಾರಿ ಕಣ್ಣಿನ ಮೇಲೆ ಬಿತ್ತು. ಎರಡನೆಯದಕ್ಕೆ ಕೊಂಬು ಬಿರಿಯಿತು. ಮೂರನೆಯದಕ್ಕೆ ಬುಡದಿಂದ ಮುರಿದು ನೇತಾಡಿತು. ಬಿಸಿ ರಕ್ತ ನನ್ನ ಬಾಯಿಯೊಳಕ್ಕೇ ಚಿಮ್ಮಿತು. ಎತ್ತು ನನ್ನನ್ನೇ ನೋಡುತ್ತಿತ್ತು. ಆಮೇಲೆ ಕೂಗಿತು. ನಾನು ಹಗ್ಗ ಬಿಡಲಿಲ್ಲ.

ಮಧ್ಯಾಹ್ನ ಜೋಡಿದಾರರ ಪಾರುಪತ್ತೆಗಾರ ಇಬ್ಬರು ಆಳುಗಳೊಂದಿಗೆ ದನ ಒಯ್ಯಲು ಬಂದ. ಗಾಯಕ್ಕೆ ಕಟ್ಟಿದ್ದ ಬಟ್ಟೆ ಎತ್ತಿ ನೋಡಿದ. ರಕ್ತ ಇನ್ನೂ ಹಸಿ ಇತ್ತು.

"ಏನಮ್ಮೀ, ನಿನ್ನ ಗಂಡ ಸತ್ತ ದುಃಖಕ್ಕೆ ಎತ್ತೂ ತಲೆ ಚಚ್ಕೊಂತಾ?"

"ಮರಕ್ಕೆ ಗುದ್ಕೊಂತು ಬುದ್ಧಿ."

ಅವನು ಆಳಿನ ಕೈಯಿಂದ ಬಾರುಕೋಲು ಕಿತ್ತುಕೊಂಡು ಅವ್ವನ ಬೆನ್ನಿಗೆ, ತಲೆಗೆ ಬಾರಿಸಿದ. ಅಡ್ಡ ಹಿಡಿದ ಬಲಗೈ ಮುರಿದ ಸದ್ದು ನನಗೆ ಕೇಳಿಸಿತು. ಅವ್ವ ಸಗಣಿಯ ಮೇಲೆ ಬಿದ್ದಳು. ಅವನು ನನ್ನ ಜಡೆ ಹಿಡಿದು ಎಳೆದ.

"ನೀನ್ ಹೇಳೇ. ನಿಜ ಹೇಳಿದ್ರೆ ನಿಮ್ಮವ್ವನ್ನ ಬಿಡ್ತೀನಿ."

ಬಡಿದು ಊನ ಮಾಡಿದ್ದೆಂದು ಗೊತ್ತಾದರೆ ಹೊಲ ಅವತ್ತೇ ಹೋಗುತ್ತಿತ್ತು. ಅವ್ವ ಬಿದ್ದಲ್ಲಿಂದಲೇ ನನ್ನನ್ನು ನೋಡಿದಳು. ಶಾಲೆಯಲ್ಲಿ ಹೆಸರು ಕೂಗಿದರೂ ಉತ್ತರ ಕೊಡಲು ನಾಚುತ್ತಿದ್ದವಳು ನಾನು.

"ಮರಕ್ಕೆ ಗುದ್ಕೊಂತು ಬುದ್ಧಿ."

ಕೋಲಿನ ಬುಡ ನನ್ನ ಬಾಯಿಗೆ ಬಿತ್ತು. ನನ್ನ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು ಎಂದು ನಿಮಗೆ ಗೊತ್ತಲ್ಲ, ನಿಜವಾದವು ಉದುರಿದ್ದು ಆಗ. ಅವ್ವನನ್ನು ಇನ್ನೊಮ್ಮೆ ಒದ್ದು, ಒಂಟಿ ಕೊಂಬಿನ ಎತ್ತನ್ನು ಒಡೆಯರ ಮನೆಗೆ ಒಯ್ಯಲಾಗದೆ, ಅವನು ಎಮ್ಮೆಯನ್ನು ಹೊಡೆದುಕೊಂಡು ಹೋದ.

ಹೊಲ ನಮಗೇ ಉಳಿಯಿತು. ಸೋದರಮಾವ ಬಂದು ಉತ್ತುಕೊಟ್ಟ. ಅವ್ವನ ಕೈ ಸಾಯುವ ತನಕ ಸೊಟ್ಟಗೇ ಇತ್ತು. ಬಿಳಿ ಎತ್ತು ಇನ್ನೂ ಎಂಟು ವರ್ಷ ದುಡಿಯಿತು. ಅವ್ವ ಕರೆದರೆ ಹತ್ತಿರ ಬರುತ್ತಿತ್ತು. ನಾನು ಹುಲ್ಲು ಹಾಕಿದರೆ, ನಾನು ಬಾಗಿಲಾಚೆ ಹೋಗುವವರೆಗೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ.