ಸುಲೈಬಿಯಾಕ್ಕೆ ಹೋಗದ ಬಸ್ಸು

ಸುಲೈಬಿಯಾದ ಮಕ್ಕಳಿಗೆ ಶನಿವಾರದ ಗಣಿತ ತರಗತಿ ತಪ್ಪಿದ್ದು ನನ್ನಿಂದ. ಬಸ್ಸಿಗೆ ಪರ್ಮಿಟ್ ಸಿಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಪರ್ಮಿಟ್ ಕೇಳಲು ನಾನು ಹೋಗಿಯೇ ಇರಲಿಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ — ಯಾಕೆಂದರೆ ಮಾತಿಗಿಳಿದರೆ ನಾನು ಚೌಕಾಸಿ ಶುರುಮಾಡುವವನು, ನನ್ನ ತಪ್ಪಿನ ಮೇಲೂ. ಹೋಟೆಲಿನಲ್ಲಿ ಮೇಜು ಒರೆಸಲು ಕುವೈತಿಗೆ ಬಂದವನು. ಈಗ ಇಲ್ಲಿನ ಭಾರತೀಯ ಶಾಲೆಗಳಿಗೆ ನನ್ನ ಬಸ್ಸುಗಳು ಓಡುತ್ತವೆ. ಊರಿನಿಂದ ಹೊಸದಾಗಿ ಬಂದವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಯಾವ ಆಫೀಸಿನಲ್ಲೂ 'ಆಗುವುದಿಲ್ಲ' ಎಂಬ ಮೊದಲ ಉತ್ತರವನ್ನು ನಂಬಬೇಡಿ, ಮತ್ತೆ ಹೋಗಿ, ನಗುತ್ತಾ ಹೋಗಿ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಾನೇ 'ಆಗುವುದಿಲ್ಲ' ಎಂದಾಗ ಎಲ್ಲರೂ ಮೊದಲ ಸಲಕ್ಕೇ ನಂಬಿದರು. ಇವರಿಂದಲೇ ಆಗದಿದ್ದರೆ ಇನ್ನು ಯಾರಿಂದ ಆದೀತು — ಎಂದುಕೊಂಡರು.

ಆಗ ಮೂರು ಶಾಲೆಗಳು ಸೇರಿ ಒಂದು ಕೆಲಸಕ್ಕೆ ಕೈಹಾಕಿದ್ದವು. ಅದನ್ನು ಹಚ್ಚಿಕೊಂಡಿದ್ದವರು ಧಾರವಾಡದ ಕಡೆಯ ಪ್ರಿನ್ಸಿಪಾಲ್ ಮೇಡಂ. ನನ್ನನ್ನು ಕರೆದು ಕೂರಿಸಿ ಹೇಳಿದರು: "ಶೆಟ್ಟರ, ಮೂರೂ ಸಾಲಿ ಮಾರ್ಕ್ಸ್ ಒಂದ ಕಡೆ ಇಟ್ಟು ನೋಡೀನ್ರಿ. ಕೆಳಗ ಉಳಿದ ಮಕ್ಕಳ ಮುಖಾ ಎಲ್ಲಾ ಒಂದ ಬಣ್ಣದ್ದು. ಮಕ್ಕಳು ದಡ್ಡರಲ್ರೀ. ನಾವ ಅವರನ್ನ ಹಿಂದ ಕುಂಡ್ರಿಸೀವಿ."

ಅವರು ಹೇಳಿದ್ದು ನಗರದ ಹೊರಗಿನ ಸುಲೈಬಿಯಾ ಕಡೆಯ ಮಕ್ಕಳ ಬಗ್ಗೆ. ತಾಯಿ ಇಥಿಯೋಪಿಯಾದವಳಾದ ಮಕ್ಕಳು, ಶ್ರೀಲಂಕಾದ ಕೆಲವರು — ಮತ್ತೆ ನಮ್ಮದೇ ನಾಡಿನ ರೇವತಿ. ಅವಳ ತಂದೆ ನಾರಾಯಣ ಸಿದ್ದಿ ಯಲ್ಲಾಪುರದ ಕಡೆಯವರು, ತರಕಾರಿ ಗೋದಾಮಿನಲ್ಲಿ ಕೂಲಿಂಗ್ ಮೆಷಿನ್ ನೋಡಿಕೊಳ್ಳುತ್ತಾರೆ. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ಘಟ್ಟದ ಕಾಡಿನಲ್ಲಿ ನೆಲೆನಿಂತವರ ಪೈಕಿ. ಕನ್ನಡ ನನಗಿಂತ ಚೆನ್ನಾಗಿ ಆಡುತ್ತಾರೆ. ಆದರೂ ಇಲ್ಲಿ ಕನ್ನಡದವರೇ ಅವರನ್ನು ಕಂಡರೆ ಹಿಂದಿಯಲ್ಲಿ ಮಾತಾಡಿಸುತ್ತಾರೆ. ನಾನೂ ಮೊದಲ ದಿನ ಹಾಗೆಯೇ ಮಾಡಿದ್ದೆ.

ಯೋಜನೆ ಸರಳವಾಗಿತ್ತು. ಮೂರು ಶಾಲೆಗಳ ಒಳ್ಳೆಯ ಗಣಿತದ ಮೇಷ್ಟ್ರುಗಳು ರಜಾದಿನವಾದ ಶನಿವಾರ ಒಂದೇ ಕಡೆ ಪಾಠ ಮಾಡುವುದು; ಎಲ್ಲಾ ಕಡೆಯ ಮಕ್ಕಳನ್ನು ಕಲೆಸಿ ಕೂರಿಸುವುದು. ಕರೆತರುವ ಹೊಣೆ ನನ್ನದು.

ಸುದ್ದಿ ಅನುಕೂಲಸ್ಥರ ಬಡಾವಣೆಯಾದ ಸಲ್ವಾಕ್ಕೆ ಮುಟ್ಟಿತು. ಅಲ್ಲಿನ ಮನೆಮನೆಯ ಬಾಗಿಲಿಗೂ ನನ್ನ ಬಸ್ಸು ಹೋಗುತ್ತಿತ್ತು. ನನ್ನ ಒಳ್ಳೆಯ ಗಿರಾಕಿಗಳು ಅಲ್ಲಿಯವರೇ. ನಮ್ಮ ಊರಿನ ಕಡೆಯವರೇ ಆದ ಒಬ್ಬ ತಾಯಿ ಫೋನು ಮಾಡಿ ಬಹಳ ಮೃದುವಾಗಿ ಹೇಳಿದರು: "ಅಣ್ಣ, ನಾವು ಭೇದ ಮಾಡುವವರಲ್ಲ, ನಿಮಗೆ ಗೊತ್ತುಂಟಲ್ಲ. ಆದ್ರೆ ಆ ಹಬ್ಶಿ ಮಕ್ಕಳು ಅದೇ ಬಸ್ಸಲ್ಲಿ ಬರುವುದಾದ್ರೆ ನಾವು ಬೇರೆ ಬಸ್ ನೋಡ್ತೇವೆ." ಆಮೇಲೆ ಇನ್ನೂ ಕೆಲವರು. ನಾನು ಯಾರೊಡನೆಯೂ ವಾದಿಸಲಿಲ್ಲ. ಗಿರಾಕಿಯೊಡನೆ ವಾದಿಸಬಾರದು ಎಂಬುದೂ ನಾನು ಬೇರೆಯವರಿಗೆ ಹೇಳಿಕೊಡುವ ಬುದ್ಧಿಯೇ.

ಮುಂದಿನ ಸಭೆಯಲ್ಲಿ ಚಹಾ ಕುಡಿಯುತ್ತಾ ಹೇಳಿದೆ: "ಸುಲೈಬಿಯಾಕ್ಕೆ ಶನಿವಾರದ ಪರ್ಮಿಟ್ ಇಲ್ಲ ಮೇಡಂ. ಎಲ್ಲಾ ಕಡೆ ತಿರುಗಿದೆ. ಖಲಾಸ್."

ಅಷ್ಟೇ. ತರಗತಿಗಳು ನಡೆದವು — ಸಲ್ವಾದವರಿಗೆ, ಬ್ನೇದ್ ಅಲ್ ಗಾರಿನವರಿಗೆ, ಮನೆಗೇ ಟ್ಯೂಷನ್ ಮೇಷ್ಟ್ರು ಬರುತ್ತಿದ್ದವರಿಗೆ. ಯಾರಿಗಾಗಿ ಶುರುವಾಯಿತೋ ಅವರಿಲ್ಲದೆ. ಒಂದು ವರ್ಷ ಕಳೆದ ಮೇಲೆ ಅದೂ ನಿಂತಿತು.

ನಾನು ಸುಳ್ಳು ಹೇಳಿದ ಆ ವಾರವೇ ನಾರಾಯಣ ಸಿದ್ದಿಯವರು ಒಂದು ಪೆಟ್ಟಿಗೆ ಎಳೆ ಸೌತೆಕಾಯಿ ಹೊತ್ತು ನನ್ನ ಮನೆಗೆ ಬಂದರು. "ಶೆಟ್ರೆ, ನಮ್ಮ ಮಕ್ಕಳ ಸಲುವಾಗಿ ಅಷ್ಟು ತಿರುಗಾಡಿದ್ರಂತೆ. ಆಗ್ದೇ ಇದ್ರೆ ನೀವಾದ್ರೂ ಏನ್ ಮಾಡ್ತೀರಿ. ತಿರುಗಿದ್ರಲ್ಲ, ಅದೇ ದೊಡ್ಡದು." ನಾನು ಪೆಟ್ಟಿಗೆ ತೆಗೆದುಕೊಂಡೆ. ಹೆಂಡತಿ ಕೋಸಂಬರಿ ಮಾಡಿದಳು. ಉಂಡೆ — ರುಚಿಯಾಗಿಯೇ ಇತ್ತು. ಅಂದು ಅದು ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ರೇವತಿಗೆ ವಿಜ್ಞಾನ ಓದಬೇಕೆಂದಿತ್ತು. ಹತ್ತನೇ ತರಗತಿಯ ಗಣಿತದ ಅಂಕ ನೋಡಿ ಶಾಲೆ ಕೊಡಲಿಲ್ಲ. ಈಗ ಬ್ನೇದ್ ಅಲ್ ಗಾರಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಒಮ್ಮೆ ಜ್ವರಕ್ಕೆಂದು ಅಲ್ಲಿಗೆ ಹೋದವನು ಕೌಂಟರಿನಲ್ಲಿ ಅವಳನ್ನು ಕಂಡು ಬೇರೆ ಕ್ಲಿನಿಕ್ಕಿಗೆ ಹೋಗಿದ್ದೇನೆ.

ಈ ವರ್ಷ ಮೇಡಂ ಮತ್ತೆ ಎದ್ದು ನಿಂತರು. ಈಗ ಐದು ಶಾಲೆಗಳು ಕೈಜೋಡಿಸಿವೆ. "ಪರ್ಮಿಟ್ ಈಗರ ಸಿಗತೈತೇನ್ರಿ ಶೆಟ್ಟರ?" ಎಂದು ಕೇಳಿದರು. ಮರುದಿನವೇ ಹೋದೆ. ಕಿಟಕಿಯ ಆಚೆ ಕೂತವನು ಕಾಗದ ನೋಡಿದ, ಮುದ್ರೆ ಒತ್ತಿದ, 'ಯಲ್ಲಾ' — ನಡಿ, ನಡಿ — ಎಂದು ಅರಬ್ಬಿಯಲ್ಲಿ ಮುಂದಿನವನನ್ನು ಕರೆದ. ನನ್ನನ್ನು ಕೂರಲೂ ಹೇಳಲಿಲ್ಲ — ಕೂರುವಷ್ಟು ಹೊತ್ತಿನ ಕೆಲಸವೇ ಅದಲ್ಲ.

ಕಾರಿನಲ್ಲಿ ಕೂತಾಗ ನನ್ನೊಳಗಿನ ವ್ಯಾಪಾರಿ ತಲೆಯೆತ್ತಿದ. ಈ ಪರ್ಮಿಟ್ಟನ್ನು ಹೀಗೇ ಹೋಗಿ ಕೊಟ್ಟರೆ — ಹೋರಾಡಿ ತಂದಿದ್ದೇನೆ ಎಂದರೆ — ಹಾರವನ್ನೂ ಹಾಕುತ್ತಾರೆ. ಹಳೆಯ ಸುಳ್ಳು ಈ ಲಾಭದಲ್ಲಿ ಮುಚ್ಚಿಹೋಗುತ್ತದೆ. ಆ ಲೆಕ್ಕ ಎಷ್ಟು ಸಲೀಸಾಗಿ ಕೂಡಿಬಂತೆಂದರೆ, ನನಗೇ ಹೇಸಿಗೆಯಾಯಿತು.

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮುಂದ ಹೇಳಿ ಕೈ ತೊಳಕೋಬ್ಯಾಡ್ರಿ. ಅವರ ಮನಿಗೆ ಹೋಗ್ರಿ."

ಹೋದೆ. ನಾರಾಯಣ ಸಿದ್ದಿಯವರು ಪೂರ್ತಿ ಕೇಳಿದರು. ಬೈದರೆ ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಎದ್ದು ಒಳಗೆ ಹೋದರು, ಮತ್ತೆ ಬರಲಿಲ್ಲ. ಮಾತಾಡಿದ್ದು ರೇವತಿ, ಬಾಗಿಲ ಹತ್ತಿರ ನಿಂತುಕೊಂಡೇ.

"ಅಂಕಲ್, ಇಷ್ಟು ವರ್ಷ ನನ್ನ ತಲೆಗೇ ಗಣಿತ ಹತ್ತೂದಿಲ್ಲ ಅಂದ್ಕಂಡಿದ್ದೆ."

ಮುದ್ರೆ ಬಿದ್ದ ಹೊಸ ಪರ್ಮಿಟ್ಟನ್ನು ಅವಳ ಮುಂದೆ ಹಿಡಿದೆ. ಅದನ್ನು ನೋಡಿ ಅವಳು ಕೇಳಿದಳು: "ತಂಗಿಗೆ ಬಸ್ಸು ಎಷ್ಟೊತ್ತಿಗೆ?" ತಂಗಿ ಕಾವ್ಯಾ ಒಂಬತ್ತನೇ ತರಗತಿ.

ಸಲ್ವಾದವರಿಗೆ ನಾನೇ ಫೋನು ಮಾಡಿ ತಿಳಿಸಿದೆ: ಬಸ್ಸು ಒಂದೇ, ಸುಲೈಬಿಯಾದಿಂದ ಹೊರಟು ಕೊನೆಗೆ ನಿಮ್ಮಲ್ಲಿಗೆ ಬರುತ್ತದೆ, ಖಾಲಿ ಇದ್ದ ಜಾಗದಲ್ಲಿ ಕೂರಬೇಕು. ಕೆಲವರು ಬಿಟ್ಟುಹೋದರು. ನಾನು ಹೆದರಿದ್ದಕ್ಕಿಂತ ತುಂಬಾ ಕಡಿಮೆ ಜನ. ಇದನ್ನು ಅಂದೇ ಹೇಳಿದ್ದರೂ ಅಷ್ಟೇ ಜನ ಹೋಗುತ್ತಿದ್ದರೇನೋ — ನಾನು ಕೇಳಿ ನೋಡಲೇ ಇಲ್ಲ.

ಶನಿವಾರದ ಬಸ್ಸನ್ನು ನಾನೇ ಓಡಿಸುತ್ತೇನೆ. ಮೊದಲ ದಿನ ಕಾವ್ಯಾಳ ಹಿಂದೆ ರೇವತಿಯೂ ಹತ್ತಿದಳು, ಕೈಯಲ್ಲಿ ಹೊಸ ನೋಟ್‌ಪುಸ್ತಕ. ಹಿಂದಿನ ಬೆಂಚಿನಲ್ಲಿ ಕೂತು ತಾನೂ ಪಾಠ ಕೇಳುತ್ತೇನೆಂದು ಮೇಡಂ ಹತ್ತಿರ ಕೇಳಿಕೊಂಡಿದ್ದಳಂತೆ. ಹಿಂದಿನ ಬೆಂಚು ಇನ್ನು ಯಾರಿಗೂ ಇಲ್ಲ, ಮುಂದೆಯೇ ಕೂರಬೇಕು ಎಂದು ಅವರು ಗದರಿದರಂತೆ. ಕಳೆದ ವಾರ ಬಸ್ಸಿನಲ್ಲಿ ಸಲ್ವಾದ ಒಬ್ಬ ಹುಡುಗಿ ಅವಳ ಕಡೆ ತಿರುಗಿ ಯಾವುದೋ ಲೆಕ್ಕ ಹೇಗೆ ಬಿಡಿಸಿದೆಯೆಂದು ಕೇಳುತ್ತಿದ್ದಳು. ರೇವತಿ ಹೇಳಿಕೊಡುತ್ತಿದ್ದಳು, ತಡವರಿಸದೆ.

ಇಳಿಯುವಾಗ ಅವಳು ನನ್ನೊಡನೆ ಮಾತಾಡುವುದಿಲ್ಲ. ಮಾತಾಡು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಬಾಗಿಲು ತೆರೆದು, ಕೊನೆಯ ಮಗು ಇಳಿಯುವವರೆಗೆ ಕಾಯುತ್ತೇನೆ.